ಪವರ್ ಹಾಕ್ಲಾ, ನಾರ್ಮಲ್ ಹಾಕ್ಲಾ?

ಏಪ್ರಿಲ್ ತಿಂಗಳ ಮಧ್ಯಾಹ್ನ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವ ರಸ್ತೆಯಲ್ಲಿ ಒಂದು ಬಂಕು. ಪೈಪು ಹಿಡಿದ ಹುಡುಗ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದಾನೆ. ಕಿಟಕಿ ಇಳಿಸಿದ್ದೇ ತಡ, ಒಲೆ ಮುಂದೆ ಕೂತಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು.

"ಪವರ್ ಹಾಕ್ಲಾ ಸಾರ್, ನಾರ್ಮಲ್ ಹಾಕ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಗಂಗಾವತಿಯ ಭಾವ ಉತ್ತರ ಕೊಟ್ಟಾಗಿತ್ತು. "ಪವರ್ರೇ ಹಾಕಪಾ. ಬಿಸಲು ಹೆಂಗೈತಿ ನೋಡು. ಇಂಜಿನ್ ತಣ್ಣಗಿರ್ತೈತಿ."

ಕಾರು ನಂದು, ದುಡ್ಡೂ ನಂದು. ಆದರೆ ಅಕ್ಕನ ಗಂಡ, ಎದುರು ಮಾತಾಡಲಿಕ್ಕಾಗುತ್ತಾ? ಹಾಕಿಸಿದೆ. ಲೀಟರಿಗೆ ಎಂಟು ರೂಪಾಯಿ ಜಾಸ್ತಿ. ತೋರಣಗಲ್ಲು ದಾಟುವವರೆಗೂ ಆ ಎಂಟು ರೂಪಾಯಿ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೊಟ್ಟಿದ್ದು ಯಾತಕ್ಕೆ?

ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭ ಇತ್ತು. ನಾರ್ಮಲ್ ಅಂದರೆ 91 ಆಕ್ಟೇನ್, ಪವರ್ ಅಂದರೆ ಹೆಸರಿನಲ್ಲೇ 95 ಅಂತ ಇರುವ 95 ಆಕ್ಟೇನ್. ಕಣ್ಣಿಗೆ ಕಾಣುವ ವ್ಯತ್ಯಾಸ. ಈಗ ಹಾಗಿಲ್ಲ. 2025ರಿಂದ ಬಂಕಿನಲ್ಲಿ ಸಿಗುವ ಸಾದಾ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಇದನ್ನೇ ಇ20 ಅನ್ನುವುದು. ಈ ಎಥೆನಾಲ್ ಆಕ್ಟೇನ್ ಏರಿಸುತ್ತದೆ. ಮೊದಲು ದೇಶದಲ್ಲಿ 88 ಆಕ್ಟೇನ್ ಪೆಟ್ರೋಲ್ ಮಾರುತ್ತಿದ್ದರು, ಆಮೇಲೆ ಅದು 91 ಆಯ್ತು, ಈಗ ಇ20ಯಿಂದಾಗಿ ಸಾದಾ ಪೆಟ್ರೋಲೇ 95 ಆಗಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಅಂದರೆ ಆ ಹುಡುಗನ ಕೈಲಿದ್ದ ಎರಡು ಪೈಪಿನಲ್ಲೂ 95. ಎಂಟು ರೂಪಾಯಿಯ ಪ್ರಶ್ನೆ ಮತ್ತೆ ಅಲ್ಲೇ ನಿಂತಿತು.

ಉತ್ತರ ಹುಡುಕುವ ಮೊದಲು ಈ ಆಕ್ಟೇನ್ ಅಂದರೆ ಏನು ಅಂತ ಒಮ್ಮೆ ನೋಡಿಬಿಡೋಣ. ಯಾಕಂದರೆ ಅದು ಪೆಟ್ರೋಲಿನ ಬಲ ಅಂತ ತಿಳಿದವರೇ ಜಾಸ್ತಿ. ಪವರ್ ಅನ್ನೋ ಹೆಸರೂ ಅದಕ್ಕೆ ಸರಿಯಾಗಿ ಅಂಟಿಕೊಂಡಿದೆ.

ಸೈಕಲ್ ಟ್ಯೂಬಿಗೆ ಕೈಪಂಪಿನಿಂದ ಗಾಳಿ ಹೊಡೆದವರಿಗೆ ಗೊತ್ತು. ನಾಲ್ಕು ಸಲ ಜೋರಾಗಿ ಒತ್ತಿದರೆ ಪಂಪಿನ ಬುಡ ಬಿಸಿಯಾಗುತ್ತದೆ. ಗಾಳಿ ಒತ್ತಿದಷ್ಟೂ ಕಾಯುತ್ತದೆ. ಇಂಜಿನ್ನಿನಲ್ಲಿ ನಡೆಯುವುದೂ ಅದೇ. ಪಿಸ್ಟನ್ ಮೇಲೆ ಬರುತ್ತಾ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹತ್ತು ಹನ್ನೆರಡು ಪಟ್ಟು ಸಣ್ಣ ಜಾಗಕ್ಕೆ ಅದುಮುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು, ಬೆಂಕಿ ಪ್ಲಗ್ಗಿನ ಕಡೆಯಿಂದ ಶುರುವಾಗಿ ಸರಾಗವಾಗಿ ಹರಡಬೇಕು. ಆದರೆ ಒಮ್ಮೊಮ್ಮೆ ಬೆಂಕಿ ಇನ್ನೂ ತಲುಪದ ಮೂಲೆಯಲ್ಲಿ ಉಳಿದ ಮಿಶ್ರಣ ಶಾಖ ಮತ್ತು ಒತ್ತಡ ತಾಳಲಾರದೆ ತಾನೇ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಆಗ ಬಾನೆಟ್ ಒಳಗಿಂದ ಸ್ಟೀಲ್ ಡಬ್ಬಿಗೆ ಹುಣಸೆ ಬೀಜ ಸುರಿದಂಥ ಸದ್ದು. ಮೆಕ್ಯಾನಿಕ್‌ಗಳು ಇದಕ್ಕೆ ನಾಕಿಂಗ್ ಅನ್ನುತ್ತಾರೆ. ಅಪರೂಪಕ್ಕೆ ಒಂದು ಸಲ ಆದರೆ ಏನೂ ಆಗುವುದಿಲ್ಲ. ದಿನಾ ಆದರೆ ಪಿಸ್ಟನ್ನಿಗೆ, ಹೆಡ್ ಗ್ಯಾಸ್ಕೆಟ್ಟಿಗೆ ಪೆಟ್ಟು.

ಆಕ್ಟೇನ್ ಸಂಖ್ಯೆ ಹೇಳುವುದು ಇಷ್ಟೇ: ಈ ಪೆಟ್ರೋಲ್ ಎಷ್ಟು ಒತ್ತಡದವರೆಗೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುತ್ತದೆ. ತಾಳ್ಮೆಯ ಅಳತೆ, ತಾಕತ್ತಿನದಲ್ಲ. 1927ರಲ್ಲಿ ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಈ ಅಳತೆಗೋಲು ಮಾಡಿದರು. ಸುಲಭಕ್ಕೆ ನಾಕ್ ಆಗದ ಐಸೊ-ಆಕ್ಟೇನ್‌ಗೆ 100, ತೀರಾ ಬೇಗ ನಾಕ್ ಆಗುವ ಹೆಪ್ಟೇನ್‌ಗೆ 0. ನಮ್ಮ ಪೆಟ್ರೋಲ್ 95 ಅಂದರೆ 95 ಪಾಲು ಐಸೊ-ಆಕ್ಟೇನ್, 5 ಪಾಲು ಹೆಪ್ಟೇನ್ ಬೆರೆಸಿದರೆ ಹೇಗೆ ನಡೆದುಕೊಳ್ಳುತ್ತದೋ ಹಾಗೆ ನಡೆದುಕೊಳ್ಳುತ್ತದೆ ಅಂತ ಅರ್ಥ.

ತಾಕತ್ತಿಗೂ ಆಕ್ಟೇನ್‌ಗೂ ಸಂಬಂಧ ಇಲ್ಲ ಅನ್ನೋದಕ್ಕೆ ಸಾಕ್ಷಿ ನಮ್ಮ ಕಣ್ಣೆದುರೇ ಓಡಾಡುತ್ತಿದೆ. ಸಿಎನ್‌ಜಿಯ ಆಕ್ಟೇನ್ 120ರ ಆಸುಪಾಸು. ಆದರೆ ಸಿಎನ್‌ಜಿ ಹಾಕಿಸಿಕೊಂಡ ಯಾರನ್ನಾದರೂ ಕೇಳಿ. ಪಿಕಪ್ ಕಡಿಮೆ ಅಂತಲೇ ಹೇಳುತ್ತಾರೆ. ಎಥೆನಾಲ್‌ನ ಕಥೆಯೂ ಅದೇ. ಸಚಿವಾಲಯ ಕೊಟ್ಟ ಲೆಕ್ಕದಲ್ಲಿ ಎಥೆನಾಲ್ ಆಕ್ಟೇನ್ ಸುಮಾರು 108.5, ಏನೂ ಬೆರೆಸದ ಪೆಟ್ರೋಲಿನದು 84.4. ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಆಕ್ಟೇನ್ ಮೇಲೆ ಹೋಯಿತು, ಶಕ್ತಿ ಕೆಳಗೆ ಬಂತು. ಇ20 ಬಂದ ಮೇಲೆ ಮೈಲೇಜ್ ಬಿತ್ತು ಅನ್ನೋ ಗೊಣಗಾಟ ಸುಮ್ನೆ ಹುಟ್ಟಿದ್ದಲ್ಲ.

ಇನ್ನೊಂದು ಗೊಂದಲ ಯೂಟ್ಯೂಬ್ ನೋಡುವವರದ್ದು. ಅಮೆರಿಕದಲ್ಲಿ 87 ಹಾಕಿ ದೊಡ್ಡ ದೊಡ್ಡ ಗಾಡಿ ಓಡಿಸುತ್ತಾರೆ, ನಮಗ್ಯಾಕೆ 91 ಅಂತ. ಅಲ್ಲಿಯ ಅಳತೆ ಬೇರೆ. ಎರಡು ವಿಧಾನದಲ್ಲಿ ಅಳೆದು ಸರಾಸರಿ ತೆಗೆದು ಬರೆಯುತ್ತಾರೆ. ಅಲ್ಲಿನ 87 ಹೆಚ್ಚುಕಮ್ಮಿ ಇಲ್ಲಿನ 91ಕ್ಕೆ ಸಮ.

ಈಗ ಭಾವನ ಬಿಸಿಲಿನ ಮಾತಿಗೆ ಬರೋಣ. ಪೂರ್ತಿ ತಳ್ಳಿಹಾಕುವ ಹಾಗಿಲ್ಲ.

ಇಂಜಿನ್ ಎಳೆದುಕೊಳ್ಳುವ ಗಾಳಿ ಬಿಸಿಯಿದ್ದಷ್ಟೂ ನಾಕಿಂಗ್ ಸಾಧ್ಯತೆ ಜಾಸ್ತಿ. ರಾಯಚೂರಿನಲ್ಲಿ ಬೇಸಿಗೆಗೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಟಾರ್ ರಸ್ತೆಯ ಮೇಲೆ, ಲಾರಿ ಹಿಂದೆ ನಿಂತ ಕಾರಿನ ಬಾನೆಟ್ ಒಳಗೆ ಇನ್ನೆಷ್ಟಿರಬೇಕು! ಇದಕ್ಕೆ ಇನ್ನೊಂದು ಸೇರಿಸಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಬಳ್ಳಾರಿ 500 ಮೀಟರಿಗಿಂತ ಕೆಳಗೆ, ರಾಯಚೂರು 400ರ ಆಸುಪಾಸು. ಮೇಲೆ ಹೋದಷ್ಟೂ ಗಾಳಿ ತೆಳು, ಸಿಲಿಂಡರಿನಲ್ಲಿ ಒತ್ತಡ ಕಡಿಮೆ, ನಾಕಿಂಗ್ ಕಡಿಮೆ. ನಮ್ಮದು ಇದರ ಉಲ್ಟಾ. ಅದೇ ಕಾರು, ಅದೇ ಪೆಟ್ರೋಲ್, ಬೆಂಗಳೂರಿನಲ್ಲಿ ಸದ್ದಿಲ್ಲದೆ ಓಡಿ ಸಿರುಗುಪ್ಪ ರಸ್ತೆಯಲ್ಲಿ ಕುಟುಕುಟು ಅನ್ನಬಹುದು. ಟರ್ಬೋ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಕಾರಿನಲ್ಲಿ ಈ ವ್ಯತ್ಯಾಸ ಹೆಚ್ಚು ಗೊತ್ತಾಗುತ್ತದೆ. ಬೆಂಗಳೂರಿನ ಗೆಳೆಯ "ನಂಗೇನೂ ಆಗ್ತಿಲ್ಲಪ್ಪ" ಅಂದರೆ ಅವನು ಸುಳ್ಳು ಹೇಳುತ್ತಿಲ್ಲ, ಅವನ ಊರು ಎತ್ತರದಲ್ಲಿದೆ ಅಷ್ಟೆ.

ಆದರೆ ಇಂಜಿನ್ ತಣ್ಣಗಿರುತ್ತದೆ ಅನ್ನೋದು? ಇಂಜಿನ್ನಿನ ತಾಪ ನೋಡಿಕೊಳ್ಳುವುದು ರೇಡಿಯೇಟರ್, ಕೂಲೆಂಟ್, ಫ್ಯಾನು. ಸಾದಾ ಹಾಕಿದರೂ ಪವರ್ ಹಾಕಿದರೂ ಕೂಲೆಂಟ್ ತೊಂಬತ್ತು ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಒಂದೇ ಒಂದು ಸಂದರ್ಭದಲ್ಲಿ ಭಾವ ಅರ್ಧ ಸರಿ. ಈಗಿನ ಕಾರುಗಳ ಇಂಜಿನ್ ಬ್ಲಾಕಿಗೆ ಒಂದು ನಾಕ್ ಸೆನ್ಸರ್ ಅಂಟಿಸಿರುತ್ತಾರೆ. ಅದು ಕಿವಿ ಇದ್ದಂತೆ. ಕುಟುಕು ಶುರುವಾದ ಕೂಡಲೇ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ತಡವಾಗಿ ಹಾರಿಸುತ್ತದೆ. ನಾಕಿಂಗ್ ನಿಲ್ಲುತ್ತದೆ. ಆದರೆ ಚಕ್ರಕ್ಕೆ ಹೋಗಬೇಕಾಗಿದ್ದ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಪಿಕಪ್ ಕಡಿಮೆ, ಪೆಟ್ರೋಲ್ ಖರ್ಚು ಜಾಸ್ತಿ. ಹೆಚ್ಚು ಆಕ್ಟೇನ್ ಹಾಕಿದರೆ ಲಾಭ ಬರುವುದು ಇಂಥ ಕಡೆ ಮಾತ್ರ: ಇಂಜಿನ್ ಕಿಡಿಯನ್ನು ಹಿಂದೆ ತಳ್ಳುತ್ತಿದ್ದರೆ, ಅದನ್ನು ಮತ್ತೆ ಮುಂದೆ ತರಲು ಅವಕಾಶ ಸಿಗುತ್ತದೆ. ತಳ್ಳುತ್ತಲೇ ಇಲ್ಲದಿದ್ದರೆ ಹೆಚ್ಚುವರಿ ಆಕ್ಟೇನ್ ಮಾಡುವುದಕ್ಕೆ ಅಲ್ಲಿ ಕೆಲಸವೇ ಇಲ್ಲ.

ಹಾಗಾದರೆ ಯಾವ ಕಾರಿಗೆ ಬೇಕು? ಬಂಕಿನಲ್ಲಿ ನಿಂತು ತೀರ್ಮಾನ ಮಾಡುವ ವಿಷಯ ಅಲ್ಲ ಇದು. ಕಾರು ತಯಾರಾದ ದಿನವೇ ತೀರ್ಮಾನ ಆಗಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿ ಒಂದು ಸ್ಟಿಕ್ಕರ್ ಇರುತ್ತದೆ, ಇಲ್ಲದಿದ್ದರೆ ಕಾರಿನ ಜತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. 91 ಅಂತ ಇದ್ದರೆ ಈಗಿನ ಸಾದಾ ಪೆಟ್ರೋಲ್ ಅದಕ್ಕಿಂತ ನಾಲ್ಕು ಮೆಟ್ಟಿಲು ಮೇಲೇ ಇದೆ. ಮುಗಿಯಿತು.

ಕೆಲವು ಟರ್ಬೋ ಕಾರುಗಳ ಮುಚ್ಚಳದಲ್ಲಿ 95 ಅಂತ ಇದ್ದು, ಪಕ್ಕದಲ್ಲೇ 91 ಅಂತಲೂ ಇರುತ್ತದೆ. ಅರ್ಥ ಏನಂದರೆ, ಪೂರ್ತಿ ಶಕ್ತಿ ಬೇಕಿದ್ದರೆ 95 ಹಾಕು, ಸಿಗದಿದ್ದರೆ 91 ಹಾಕು, ಇಂಜಿನ್ ತನ್ನನ್ನು ತಾನು ಸಂಭಾಳಿಸಿಕೊಳ್ಳುತ್ತದೆ. ಟರ್ಬೋ ಅಂದರೆ ಗಾಳಿಯನ್ನು ಮೊದಲೇ ಒತ್ತಿ ಸಿಲಿಂಡರಿಗೆ ತುಂಬುವ ಸಾಧನ. ಒಂದು ಲೀಟರಿನ ಪುಟ್ಟ ಇಂಜಿನ್ನಿನಿಂದ ದೊಡ್ಡ ಇಂಜಿನ್ನಿನ ಕೆಲಸ ತೆಗೆಯುವುದು ಹೀಗೆ. ಒತ್ತಡ ಜಾಸ್ತಿ, ಶಾಖ ಜಾಸ್ತಿ, ಹಾಗಾಗಿ ಆಕ್ಟೇನ್ ಬೇಡಿಕೆಯೂ ಜಾಸ್ತಿ. ಸಾದಾ ಪೆಟ್ರೋಲ್ 91 ಇದ್ದ ಕಾಲದಲ್ಲಿ ಇಂಥ ಕಾರಿನವರು 95 ಹುಡುಕಿಕೊಂಡು ಹೋಗುತ್ತಿದ್ದುದಕ್ಕೆ ಅರ್ಥ ಇತ್ತು. ಐದು ಜನ ಕೂತು, ಎಸಿ ಫುಲ್ ಇಟ್ಟು, ಮೇ ತಿಂಗಳಲ್ಲಿ ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟ ಹತ್ತುವಾಗ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತಿತ್ತು. ಈಗ ಸಾದಾ ಪೆಟ್ರೋಲೇ 95 ಮುಟ್ಟಿದ್ದರಿಂದ ಅವರ ಎಂಟು ರೂಪಾಯಿಯೂ ಬಹುಮಟ್ಟಿಗೆ ಉಳಿಯಿತು. ಎಥೆನಾಲ್ ಆವಿಯಾಗುವಾಗ ಸುತ್ತಲಿನ ಶಾಖ ಜಾಸ್ತಿ ಹೀರಿಕೊಳ್ಳುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಸಿಂಪಡಿಸುವ ಟರ್ಬೋಗಳಿಗೆ ಅದೂ ಅನುಕೂಲವೇ.

97, 99, 100 ಅಂತ ಇನ್ನೂ ಮೇಲಿನವು ಇವೆ. ಅವು ಹೆಚ್ಚು ಕಂಪ್ರೆಷನ್ನಿನ, ಅಂದರೆ ಮಿಶ್ರಣವನ್ನು ಹೆಚ್ಚು ಅದುಮುವ, ದುಬಾರಿ ಗಾಡಿಗಳಿಗೆ. ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದವರು ಈ ಲೇಖನ ಓದಿ ಪೆಟ್ರೋಲ್ ಹಾಕಿಸುವವರಲ್ಲ.

ಆದರೆ 100ರ ಬಗ್ಗೆ ಒಂದು ಮಾತು ಹೇಳಲೇಬೇಕು. ಈಗ ಅದನ್ನು ಕೇಳುವವರು ಆಕ್ಟೇನ್‌ಗಾಗಿ ಕೇಳುತ್ತಿಲ್ಲ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಬಂದಿದ್ದು 2020ರ ಡಿಸೆಂಬರಿನಲ್ಲಿ, ಲೀಟರಿಗೆ 160 ರೂಪಾಯಿಯಂತೆ. ಅದರಲ್ಲಿ ಎಥೆನಾಲ್ ಇಲ್ಲ. ಹಾಗಾಗಿ ಇ20ಗೆ ಹೆದರಿದ ಹಳೇ ಕಾರಿನವರು ಅದರ ಹಿಂದೆ ಬಿದ್ದಿದ್ದಾರೆ. ಎಲ್ಲಾ ಬಂಕಿನಲ್ಲೂ ಸಿಗುವುದಿಲ್ಲ ಅನ್ನೋದು ಬೇರೆ ಮಾತು. ಲೆಕ್ಕ ಹಾಕೋಣ. ಸಾದಾ ಪೆಟ್ರೋಲ್ 104 ರೂಪಾಯಿ ಅಂತ ಇಟ್ಟುಕೊಳ್ಳಿ. ನಿಮ್ಮ ಕಾರು ಲೀಟರಿಗೆ 18 ಕಿಲೋಮೀಟರ್ ಕೊಡುತ್ತದೆ. 160 ರೂಪಾಯಿಯ ಪೆಟ್ರೋಲ್ ಗಿಟ್ಟಬೇಕಾದರೆ ಅದು 27ರ ಮೇಲೆ, ಹತ್ತಿರ ಹತ್ತಿರ 28 ಕೊಡಬೇಕು. ಕೊಡುತ್ತಾ? ಇ20ಗೆ ತಕ್ಕಂತೆ ಮಾಡದ ಕಾರುಗಳಲ್ಲಿ ಮೈಲೇಜ್ ಶೇಕಡಾ 3ರಿಂದ 6 ಇಳಿಯಬಹುದು ಎಂದು ಸಚಿವಾಲಯ ಒಪ್ಪಿಕೊಂಡಿದೆ. 2021ರ ನೀತಿ ಆಯೋಗದ ವರದಿ ಇನ್ನೂ ಹಳೇ ವಿನ್ಯಾಸದ ಕಾರುಗಳಿಗೆ 6ರಿಂದ 7 ಅಂದಿತ್ತು. ಆ ಏಳನ್ನೇ ಹಿಡಿದರೂ, 7 ಉಳಿಸಲು ಹೋಗಿ 54 ಕಳೆದುಕೊಂಡಂತೆ. ವರ್ಷಕ್ಕೆ ಹತ್ತು ಸಲ ಮಾತ್ರ ಹೊರಗೆ ತೆಗೆಯುವ, ಪ್ರೀತಿಯಿಂದ ಒರೆಸಿ ಇಡುವ ಹಳೇ ಕಾರಿದ್ದರೆ ಹಾಕಿಸಿ, ಬೇಡ ಅನ್ನುವುದಿಲ್ಲ. ಅಲ್ಲಿಯ ಚಿಂತೆ ಆಕ್ಟೇನ್ ಅಲ್ಲ, ಎಥೆನಾಲ್‌ನಿಂದ ಹಾಳಾಗಬಹುದಾದ ರಬ್ಬರ್ ಪೈಪು, ಸೀಲುಗಳು. ಕಾರ್ಬುರೇಟರ್ ಕಾಲದ ಇಂಜಿನ್ನುಗಳಿಗೆ ಆಕ್ಟೇನ್ ಬೇಡಿಕೆಯಂತೂ ತೀರಾ ಕಡಿಮೆ. ಅವುಗಳ ಕಂಪ್ರೆಷನ್ ಎಂಟೊಂಬತ್ತು ಪಟ್ಟು ಇದ್ದರೆ ಹೆಚ್ಚು.

ಮತ್ತೆ ಎಂಟು ರೂಪಾಯಿಗೆ. ತಿಂಗಳಿಗೆ 1000 ಕಿಲೋಮೀಟರ್ ಓಡಿಸುವವರಿಗೆ 18ರ ಮೈಲೇಜಿನಲ್ಲಿ ಸುಮಾರು 55 ಲೀಟರ್ ಬೇಕು. ಹೆಚ್ಚುವರಿ 440 ರೂಪಾಯಿ. ವರ್ಷಕ್ಕೆ ಐದು ಸಾವಿರದ ಮೇಲೆ. ಗಿಟ್ಟಬೇಕಾದರೆ ಮೈಲೇಜ್ 18ರಿಂದ 19.4 ಆಗಬೇಕು. ನಾನು ಬಳ್ಳಾರಿಯಿಂದ ಕೊಪ್ಪಳಕ್ಕೆ ಹೋಗಿ ಬರುವ ದಾರಿಯಲ್ಲಿ ಒಂದು ಸಲ ಅದನ್ನು, ಒಂದು ಸಲ ಇದನ್ನು ಟ್ಯಾಂಕ್ ಫುಲ್ ಮಾಡಿಸಿ ನೋಡಿದ್ದೇನೆ. ಅರ್ಧ ಕಿಲೋಮೀಟರ್ ಆಚೀಚೆ ಬಂತು. ಮುನಿರಾಬಾದ್ ಹತ್ತಿರ ಎದುರುಗಾಳಿ ಬಂದರೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಆಗುತ್ತದೆ.

ಎರಡೂ 95 ಆದರೂ ಪವರ್ ಪೆಟ್ರೋಲಿನಲ್ಲಿ ಏನಾದರೂ ಬೇರೆ ಇರಲೇಬೇಕಲ್ಲ? ಇದೆ. ಇಂಥ ಬ್ರಾಂಡೆಡ್ ಪೆಟ್ರೋಲುಗಳಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ವಾಲ್ವುಗಳ ಮೇಲಿನ ಕೊಳೆ ಬಿಡಿಸುವ ರಾಸಾಯನಿಕ ಸೇರಿಸಿರುತ್ತಾರೆ. ಒಂಥರಾ ಸೋಪಿನ ಪುಡಿ ಇದ್ದಂತೆ. ಇದಕ್ಕೆ ಬೆಲೆ ಇಲ್ಲ ಅನ್ನಲಾರೆ. ಆದರೆ ಇಲ್ಲೊಂದು ತಮಾಷೆ ಇದೆ. ಸಾಮಾನ್ಯ ಕಾರುಗಳಲ್ಲಿ ಪೆಟ್ರೋಲ್ ವಾಲ್ವಿನ ಬೆನ್ನ ಮೇಲೆ ಸಿಂಪಡಿಸಿಕೊಂಡು ಒಳಗೆ ಹೋಗುತ್ತದೆ, ಹೋಗುತ್ತಾ ಅದನ್ನು ತೊಳೆಯುತ್ತದೆ. ಹೊಸ ಟರ್ಬೋ ಕಾರುಗಳಲ್ಲಿ ಹಲವು ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಬಿಡುತ್ತವೆ. ವಾಲ್ವಿಗೆ ಅದು ತಾಗುವುದೇ ಇಲ್ಲ. ತಾಗದ ಸೋಪು ತೊಳೆಯುವುದಾದರೂ ಹೇಗೆ? ಇಂಜೆಕ್ಟರ್ ಬಾಯಿಗೆ ಉಪಯೋಗ ಆಗಬಹುದು, ವಾಲ್ವಿಗಂತೂ ಇಲ್ಲ. ದುಬಾರಿ ಕಾರಿಗೆ ದುಬಾರಿ ಪೆಟ್ರೋಲೇ ಆಗಬೇಕು ಅನ್ನುವವರು ಇದನ್ನು ಗಮನಿಸಬೇಕು. ನನ್ನ ಕೇಳಿದರೆ, ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದು ಟ್ಯಾಂಕ್ ಹಾಕಿಸಿದರೆ ಸಾಕು. ಪ್ರತಿ ಸಲ ಬೇಡ.

ಭಾವ ಈ ಪವರ್ ಚಟಕ್ಕೆ ಬಿದ್ದಿದ್ದಕ್ಕೆ ಒಂದು ಹಿನ್ನೆಲೆ ಇದೆ. ಅವರದು ಹತ್ತು ವರ್ಷ ದಾಟಿದ 1.2 ಲೀಟರ್ ಕಾರು. ಎರಡು ವರ್ಷದ ಹಿಂದೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಸಂಡೂರಿನ ಬೆಟ್ಟ ಹತ್ತುವಾಗ ಹುಣಸೆ ಬೀಜದ ಸದ್ದು ಕೇಳಿಸಿತು. ಯಾರೋ ಪೆಟ್ರೋಲ್ ಸರಿಯಿಲ್ಲ, ಪವರ್ ಹಾಕಿಸಿ ಅಂದರು. ಅವತ್ತಿನಿಂದ ಪವರ್. ಸದ್ದು ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ.

ಕೊನೆಗೆ ಬಳ್ಳಾರಿಗೆ ಬಂದಾಗ ಕೌಲ್ ಬಜಾರಿನ ನಮ್ಮ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದೆ. ಅವನು ಏನೂ ಕೇಳದೆ ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿದ. ಫಿಲ್ಟರ್ ಬಿಳಿ ಇತ್ತೋ ಹಳದಿ ಇತ್ತೋ ಗೊತ್ತಾಗದ ಹಾಗೆ ಕೆಂಪು ಧೂಳು ಮೆತ್ತಿತ್ತು. ನೆಲಕ್ಕೆ ಎರಡು ಸಲ ಬಡಿದ. ಅದಿರಿನ ಲಾರಿ ಓಡಾಡುವ ರಸ್ತೆಯ ಬಣ್ಣವೇ ಕೆಳಗೆ ಬಿತ್ತು. ಆಮೇಲೆ ಒಂದೊಂದೇ ಪ್ಲಗ್ ಬಿಚ್ಚಿ ಹಳೇ ಬನಿಯನ್ ಮೇಲೆ ಸಾಲಾಗಿ ಇಟ್ಟ. ನಾಲ್ಕೂ ಕರ್ರಗೆ. ಒಂದನ್ನು ಉಗುರಲ್ಲಿ ಕೆರೆದು ತೋರಿಸಿದ. "ಕಾರ್ಬನ್ ಕಟ್ಟೈತ್ರಿ ಸಾರ್. ಒಳಗೂ ಹಿಂಗೇ ಇರ್ತದ." ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿದರೆ ಅಷ್ಟು ಜಾಗ ಕಮ್ಮಿಯಾಗಿ ಒತ್ತಡ ಏರುತ್ತದೆ, ಕಾರ್ಬನ್ ಶಾಖವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೊಸದಿದ್ದಾಗ 91 ಸಾಕಾಗುತ್ತಿದ್ದ ಇಂಜಿನ್ ವಯಸ್ಸಾದ ಮೇಲೆ ಇನ್ನೂ ಜಾಸ್ತಿ ಕೇಳುವುದು ಇದಕ್ಕೇ.

ಆಮೇಲೆ ಅವನು ಭಾವನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದ. ಇಳಿದವನೇ ನನ್ನ ಕಡೆ ನೋಡಿ ನಕ್ಕ. "ಸಾಹೇಬ್ರು ಥರ್ಡ್ ಗೇರ್ ಬಿಡಂಗೇ ಇಲ್ರಿ. ಇಪ್ಪತ್ತಕ್ಕೂ ಥರ್ಡೇ." ಏರಿನಲ್ಲಿ, ದೊಡ್ಡ ಗೇರಿನಲ್ಲಿ, ಕಡಿಮೆ ಸ್ಪೀಡಿನಲ್ಲಿ ಆಕ್ಸಿಲೇಟರ್ ಒತ್ತುವುದಿದೆಯಲ್ಲ, ನಾಕಿಂಗ್‌ಗೆ ಅದಕ್ಕಿಂತ ಒಳ್ಳೇ ಆಹ್ವಾನ ಇನ್ನೊಂದಿಲ್ಲ. ಇಂಜಿನ್ ನಿಧಾನ ತಿರುಗುತ್ತಿರುತ್ತದೆ, ಸಿಲಿಂಡರ್ ತುಂಬಾ ಮಿಶ್ರಣ ತುಂಬಿರುತ್ತದೆ, ಮೂಲೆಯ ಮಿಶ್ರಣಕ್ಕೆ ಕಾದು ಸಿಡಿಯಲು ಬೇಕಾದಷ್ಟು ಸಮಯ ಸಿಗುತ್ತದೆ. ಒಂದು ಗೇರ್ ಇಳಿಸಿದರೆ ಸದ್ದು ಅಲ್ಲೇ ನಿಲ್ಲುತ್ತದೆ. ಮೈಲೇಜ್ ಉಳಿಸಲು ದೊಡ್ಡ ಗೇರಿನಲ್ಲೇ ಎಳೆಸುವುದು ನಮ್ಮ ಕಡೆ ಬಹಳ ಜನರ ಅಭ್ಯಾಸ. ಉಳಿಯುವುದು ಏನೂ ಇಲ್ಲ.

ಪ್ಲಗ್, ಫಿಲ್ಟರ್ ಬದಲಾಯಿತು. ಮುಂದಿನ ಬಾರಿ ಬೆಟ್ಟಕ್ಕೆ ಸಾದಾ ಪೆಟ್ರೋಲಿನಲ್ಲೇ ಹೋಗಿ ಬಂದೆವು. ಸೆಕೆಂಡ್ ಗೇರಿನಲ್ಲಿ. ಭಾವನಿಗೆ ಮಾತ್ರ ನಂಬಿಕೆ ಬರಲಿಲ್ಲ ಅನ್ನೋದಕ್ಕೆ ಏಪ್ರಿಲ್‌ನ ಆ ಬಂಕೇ ಸಾಕ್ಷಿ.

ನಾಕಿಂಗ್ ಇದ್ದಕ್ಕಿದ್ದಂತೆ, ಹೊಸದಾಗಿ ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾದರೆ ಮಾತ್ರ ಪೆಟ್ರೋಲಿನ ಮೇಲೇ ಅನುಮಾನ ಪಡಬೇಕು. ರಾಯಚೂರಿನಿಂದ ವಾಪಸ್ ಬರುವಾಗ ನನಗೇ ಒಮ್ಮೆ ಹಾಗಾಗಿದೆ. ಮಾನ್ವಿ ದಾಟುವಷ್ಟರಲ್ಲಿ ಗಾಡಿ ಎಳೆಯುತ್ತಲೇ ಇರಲಿಲ್ಲ. ಸೀಮೆಎಣ್ಣೆಯಂಥದ್ದು ಬೆರೆತರೆ ಆಕ್ಟೇನ್ ಕುಸಿಯುತ್ತದೆ, ಆಗ ಬೋರ್ಡಿನ ಮೇಲೆ ಯಾವ ಸಂಖ್ಯೆ ಬರೆದಿದ್ದರೂ ಅಷ್ಟೇ. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳುವ ಹಕ್ಕು ಗ್ರಾಹಕನಿಗಿದೆ. ಒಂದು ಹನಿ ಬಿಟ್ಟರೆ ಒಳ್ಳೇ ಪೆಟ್ರೋಲ್ ಕಲೆ ಉಳಿಸದೆ ಆವಿಯಾಗಬೇಕು. ಸಾಂದ್ರತೆ ಅಳೆದು ತೋರಿಸಿ ಅಂತಲೂ ಕೇಳಬಹುದು. ಅಳತೆ ಬಗ್ಗೆ ಅನುಮಾನ ಇದ್ದರೆ ಅಳೆದು ತೋರಿಸಲು ಬಂಕಿನವರು 5 ಲೀಟರ್ ಕ್ಯಾನ್ ಇಟ್ಟೇ ಇರಬೇಕು. ನಾನು ಅವತ್ತು ಕೇಳಿದ್ದೆನಾ? ಇಲ್ಲ. ಬಿಲ್ಲೂ ತಗೊಂಡಿರಲಿಲ್ಲ. ಬಿಲ್ ಇಲ್ಲದೆ ದೂರು ಕೊಡಲು ಹೋದರೆ ಯಾರು ಕೇಳುತ್ತಾರೆ?

ಈ ಇ20 ವಿಷಯದಲ್ಲಿ ಭಾವನನ್ನು ಕೆಣಕುವುದು ನನಗೆ ಇಷ್ಟ. ಅವರದು ಅಕ್ಕಿ ಗಿರಣಿ ವ್ಯವಹಾರ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಕಾಲುವೆ ನೀರಿನ ಭತ್ತ ಗಿರಣಿಗೆ ಬಂದು ಅಕ್ಕಿಯಾಗುವಾಗ ಒಂದಿಷ್ಟು ನುಚ್ಚಾಗುತ್ತದೆ. 2018ರ ಜೈವಿಕ ಇಂಧನ ನೀತಿಯಲ್ಲಿ ಎಥೆನಾಲ್ ಮಾಡಲು ಒಪ್ಪಿಗೆ ಸಿಕ್ಕ ಧಾನ್ಯಗಳ ಪಟ್ಟಿಯಲ್ಲಿ ನುಚ್ಚಕ್ಕಿಯೂ ಇದೆ. ಮೆಕ್ಕೆಜೋಳ, ಕಬ್ಬಿನ ಜತೆಗೆ ಅದೂ ಟ್ಯಾಂಕಿಗೆ ಹೋಗುತ್ತಿದೆ. "ಇ20 ಹಾಕಿ ಮೈಲೇಜ್ ಕೆಡಿಸಿದ್ರು" ಅಂತ ಅವರು ಬೈಯುವಾಗ, "ಭಾವ, ನುಚ್ಚಿಗೆ ರೇಟು ಬಂದಾಗ ಬೈದಿರಲಿಲ್ಲ ನೀವು" ಅನ್ನುತ್ತೇನೆ. ಅವರು ಎಸಿ ಜಾಸ್ತಿ ಮಾಡುತ್ತಾರೆ.

ಅವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ. 2023ರ ಏಪ್ರಿಲ್‌ನಿಂದ ತಯಾರಾದ ಕಾರುಗಳ ಪೈಪು, ಸೀಲುಗಳು ಇ20 ತಾಳುವಂಥವು. ಅದಕ್ಕೂ ಹಿಂದಿನ ಕಾರುಗಳೇ ರಸ್ತೆಯಲ್ಲಿ ಜಾಸ್ತಿ. ಮೊದಲು 2030ಕ್ಕೆ ಅಂತಿದ್ದ 20ರ ಗುರಿಯನ್ನು 2025ಕ್ಕೆ ಎಳೆದು ತಂದರು. ಬಂಕಿನಲ್ಲಿ ಇ10, ಇ20 ಎರಡೂ ಇಟ್ಟು ಬೇಕಾದ್ದು ಹಾಕಿಸಿಕೊಳ್ಳಿ ಅಂದಿದ್ದರೆ ಇಷ್ಟು ಮಾತು ಬರುತ್ತಿರಲಿಲ್ಲ. ನಮಗೆ ಕೊಟ್ಟ ಆಯ್ಕೆ ಆಕ್ಟೇನ್‌ನದು, ನಮಗೆ ಬೇಕಿದ್ದ ಆಯ್ಕೆ ಎಥೆನಾಲ್‌ನದು. ಪವರ್ ಪೆಟ್ರೋಲ್ ಹಾಕಿಸಿದರೆ ಎಥೆನಾಲ್ ತಪ್ಪುತ್ತದೆ ಅಂದುಕೊಂಡವರಿದ್ದಾರೆ. ತಪ್ಪುವುದಿಲ್ಲ. 95ರ ಹೆಸರಿನದರಲ್ಲೂ ಎಥೆನಾಲ್ ಇದ್ದೇ ಇದೆ.

ಕೊಪ್ಪಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಭಾವ ತಾವಾಗಿಯೇ ಇಳಿದು ನನ್ನ ಕಾರಿನ ಪೆಟ್ರೋಲ್ ಮುಚ್ಚಳ ತೆಗೆದರು. ಒಳಗಿನ ಸ್ಟಿಕ್ಕರ್ ಮೇಲೆ ಕೆಂಪು ಧೂಳಿನ ಪದರ. ಹೆಬ್ಬೆರಳಲ್ಲಿ ಉಜ್ಜಿ, ಕನ್ನಡಕ ಹಣೆಗೆ ಏರಿಸಿ ಓದಿದರು. 91. ಇನ್ನೊಂದು ಸಲ ಉಜ್ಜಿದರು, ಬದಲಾಗಲಿಲ್ಲ.

"ಹಂಗಾರ ನಮ್ಮ ಟ್ರ್ಯಾಕ್ಟರಿಗೆ ಹಾಕೋ ಡೀಸೆಲ್‌ದಾಗೂ ಆಕ್ಟೇನ್ ಇರ್ತೈತೇನು?"

ಡೀಸೆಲ್ ಲೆಕ್ಕ ಪೂರ್ತಿ ಉಲ್ಟಾ ಭಾವ, ಅಂದೆ. ಅಲ್ಲಿ ಪ್ಲಗ್ಗೇ ಇಲ್ಲ, ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ತಾನಾಗಿ ಹೊತ್ತಿಕೊಳ್ಳಬೇಕು. ಬೇಗ ಹೊತ್ತಿಕೊಂಡಷ್ಟೂ ಒಳ್ಳೇದು. ಅದರ ಅಳತೆಗೆ ಸೀಟೇನ್ ಅನ್ನುತ್ತಾರೆ, ನಮ್ಮ ಬಿಎಸ್-6 ಮಾನದಂಡದ ಡೀಸೆಲಿಗೆ ಕನಿಷ್ಠ 51 ಇರಬೇಕು. ಅವರು ಚಹಾ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದರು, ಪವರ್ ಡೀಸೆಲ್ ಎಲ್ಲಿ ಸಿಗುತ್ತದೆ ಅಂತ.